ಹಂಬಲದ ಹಕಾರ

ಸೋಮವಾರ ಬೆಳಗ್ಗೆ ಹನ್ನೊಂದೂಕಾಲಿಗೆ ನನ್ನ ಬಾಳು ಹಳಿ ತಪ್ಪಿತು. ಹನ್ನೊಂದರವರೆಗೂ ನಾನೊಬ್ಬ ಯಶಸ್ವಿ ಪುರುಷ!

ಆಗಿನ್ನೂ ಫ್ಲಾಪಿಗಳ ಕಾಲ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ನಾವು ಮೂವರು ಗೆಳೆಯರು ಸೇರಿ ‘ಗೀಚು’ ಎಂಬ ತಂತ್ರಾಂಶ ಕಟ್ಟಿದ್ದೆವು. ಪುಕ್ಕಟೆ. ಅದರ ಒಳಗುಟ್ಟನ್ನೂ ಬಿಚ್ಚಿಟ್ಟಿದ್ದೆವು. ಯಾರು ಬೇಕಾದರೂ ತಿದ್ದಬಹುದು. ಎರಡನೇ ಆವೃತ್ತಿಯ ಬಿಡುಗಡೆಗೆ ನಾನೇ ಸಂಚಾಲಕ. “ಮಾತಾಡಿದ ಹಾಗೇ ಟೈಪ್ ಮಾಡಿ” ಎಂಬ ಘೋಷವಾಕ್ಯವೂ ನನ್ನದೇ.

ಈ ಮಹತ್ಕಾರ್ಯದ ನಡುವೆ ಹೆಂಡತಿ ಹೇಮಾ, “ಆ ಡಬ್ಬದ ಜೊತೇಲೇ ಸಂಸಾರ ಮಾಡ್ಕೊಳ್ಳಿ” ಎಂದು ಕೆಜಿಎಫ್‌ನ ಊರಿಗಾಮಿನಲ್ಲಿದ್ದ ತವರಿಗೆ ಹೋಗಿಬಿಟ್ಟಿದ್ದಳು. ಬಂಗಾರಪೇಟೆಯ ಮನೆಯಲ್ಲಿ ನಾನು ದಿನಾ ಎರಡು ಲೋಟ ಕಾಫಿ ಬೆರೆಸಿ, ಎರಡನೆಯದು ಆರುವುದನ್ನು ನೋಡುತ್ತ ಕೂರುತ್ತಿದ್ದೆ. ಸಂಜೆ ಕೆಜಿಎಫ್ ರೈಲು ಬರುವ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ, ಇಳಿಯುವವರ ಮುಖವನ್ನೆಲ್ಲ ನೋಡಿ, ಒಂದು ಕಟ್ಟು ಸೊಪ್ಪು ಕೊಂಡು ವಾಪಸಾಗುತ್ತಿದ್ದೆ. ಬಾ ಎಂದು ಕರೆಯಲು ಮಾತ್ರ ಬಿಗುಮಾನ! ಕೊನೆಗೆ, ಹಕಾರ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸುವ ನೆಪದಲ್ಲಿ ಗೀಚಿನಲ್ಲೇ ಬರೆದೆ: “ಹೇಮಾ, ಹಗಲೂ ರಾತ್ರಿ ನಿನ್ನದೇ ಹಂಬಲ. ಹಟ ಬಿಟ್ಟು ಬಾ.”

ಓದಿ ನನಗೇ ಕಣ್ಣು ತುಂಬಿತು. ಮೂಲ ಫ್ಲಾಪಿಯಿಂದ ಅದನ್ನು ಅಳಿಸಲು ಮರೆತೆ.

ಗೆಳೆಯರಲ್ಲೊಬ್ಬನಾದ ಮುನಿರಾಜು ಫ್ಲಾಪಿಗಳನ್ನು ನಕಲು ಮಾಡಿ ಹಂಚಿದ. ಸೋಮವಾರ ಫೋನ್ ಬಂತು. ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಟೈಪಿಂಗ್ ಕೇಂದ್ರ ನಡೆಸುವ ಇನ್ನೊಬ್ಬ ಗೆಳೆಯ ಸೆಲ್ವಂ.

“ಎನ್ನ ಸಾರ್, ಏಮಾ ಯಾರು?”

“ಯಾವ ಏಮಾ?”

“ಗೀಚು ತೆಗೆದ ತಕ್ಷಣ ಬರ್ತಾಳೆ ಸಾರ್! ‘ಏಮಾ, ಅಗಲೂ ರಾತ್ರಿ ನಿನ್ನದೇ ಅಂಬಲ. ಅಟ ಬಿಟ್ಟು ಬಾ.’ ಎಲ್ಲಾ ಫ್ಲಾಪಿಲೂ ಇದೆ. ನಿಮ್ಮ ಮಿಸೆಸ್ ತವರಿಗೆ ಬಂದಾಗಿಂದ ಇಲ್ಲೇ ಪಾಠ ಮಾಡ್ತಿದ್ರು. ನೋಡಿದ್ರು, ಎದ್ದು ಹೋದ್ರು.”

ಫೋನ್ ಕುಕ್ಕಿದೆ. ಮಾನವೂ ಹೋಯಿತು, ಹಕಾರವೂ ಹೋಯಿತು!

ಮುನಿರಾಜುವಿನ ಹಳ್ಳಿಗೆ ಸೈಕಲ್ ತುಳಿದೆ. ಅವನು ಎಮ್ಮೆ ತೊಳೆಯುತ್ತಿದ್ದ.

“ಏನ್ಲಾ ಮಾಡ್ದೆ? ಹ ಎಲ್ಲೋಯ್ತು?”

“ಮಾತಾಡ್ದಂಗೇ ಟೈಪ್ ಮಾಡಿ ಅಂದ್ರಲ್ಲ ಸಾ? ನಾನು ಓಗು ಅಂತೀನಿ, ಅದು ಹೋಗು ಅಂತದೆ. ತಪ್ಪು ಅಂತ ಕೊನೆಗಳಿಗೇಲಿ ಸರಿ ಮಾಡ್ದೆ. ಈಗ ಮೊದಲ್ನೇ ಅಕ್ಷರ ಹ ಬಂದ್ರೆ ನುಂಗಾಕ್ತದೆ. ಮೊದ್ಲೇ ಬರೆದಿಟ್ಟಿದ್ರೂ ಬಿಡಾಕಿಲ್ಲ!”

“ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?”

“ಯಾರು ಬೇಕಾದ್ರೂ ತಿದ್ಬೋದು ಅಂದಿದ್ದೂ ನೀವೇ ಅಲ್ವರಾ?”

ನನ್ನ ತತ್ವಗಳೆಲ್ಲ ಒಟ್ಟಿಗೇ ನನ್ನ ತಲೆಯ ಮೇಲೆ ಬಿದ್ದವು.

ವಾರವಿಡೀ ಫ್ಲಾಪಿಗಳನ್ನು ವಾಪಸ್ ತರಿಸಿ ಹಕಾರ ಹಾಕಿದೆವು. ನಿದ್ದೆ ಮಾತ್ರ ವಾಪಸ್ ಬರಲಿಲ್ಲ. ಭಾನುವಾರ ಸಂಜೆಯ ರೈಲಿನಿಂದ ಹೇಮಾ ಇಳಿದಳು! ಹಿಂದೆಯೇ ಅತ್ತೆ, ಕೈಯಲ್ಲೊಂದು ಮುಚ್ಚಳದ ಪಾತ್ರೆ.

“ಏಮಾ ಅಂತೆ ಏಮಾ! ನನ್ ಮಗಳೇನು ಸೊಪ್ಪು ಮಾರೋಳಾ?” ಎಂದರು ಅತ್ತೆ. ನಮ್ಮ ಕಡೆ ಬೀದಿಯಲ್ಲಿ ಹೋಗುವ ಹೆಂಗಸನ್ನು ತೆಲುಗಿನಲ್ಲಿ ಕೂಗುವುದು ಹಾಗೇ. ಆಮೇಲೆ ದನಿ ಇಳಿಸಿದರು. “ಅಂಬಲಿ ಅಂಬಲಿ ಅಂತ ಬರ್ಕೊಂಡಿದ್ದೀರಂತೆ, ಪಾಪ. ರಾಗೀದು ತಂದಿದೀನಿ, ಕುಡೀರಿ.”

ಹೇಮಾ ನಗಲಿಲ್ಲ. “ಅದು ಅಂಬಲಿ ಅಲ್ಲಮ್ಮ. ಏನೂಂತ ಇವರೇ ಬಾಯಿಬಿಟ್ಟು ಹೇಳ್ಲಿ. ಹೇಳಿದ್ರೆ ಇರ್ತೀನಿ. ಇಲ್ದಿದ್ರೆ ಇದೇ ರೈಲಲ್ಲಿ ವಾಪಸ್.”

ಎಂಜಿನ್ ಸೀಟಿ ಹಾಕಿತು. ಪದವೀಧರನಾದ ನಾನು ಬಾಯಿ ತೆರೆದೆ. ಬೇಕಾದದ್ದು ಒಂದೇ ಒಂದು ಪದ.

“ಹೇಮಾ... ನಿನ್ನದೇ... ನಿನ್ನದೇ... ಅಂಬಲ!”

ಮುನಿರಾಜು ತಪ್ಪೇ ಮಾಡಿರಲಿಲ್ಲ.

ಹೇಮಾ ಕಣ್ಣೊರೆಸಿಕೊಂಡು ನಕ್ಕಳು. ರೈಲು ಅವಳಿಲ್ಲದೆ ಕೆಜಿಎಫ್‌ಗೆ ವಾಪಸ್ ಹೊರಟಿತು.

ಆ ಭಾನುವಾರ ನಾನು ಬೆಳಗಾಗುವವರೆಗೂ ಎಚ್ಚರವಿಲ್ಲದೆ ಮಲಗಿದೆ. ಪಕ್ಕದಲ್ಲಿ ಹೇಮಾ, ಹೊಟ್ಟೆಯಲ್ಲಿ ಎರಡು ಚೊಂಬು ಅಂಬಲಿ. ನಿದ್ದೆ ತಂದದ್ದು ಯಾವುದು ಎಂದು ಅವಳು ಇವತ್ತಿಗೂ ಕೇಳುತ್ತಾಳೆ. ಉತ್ತರ ಗೊತ್ತಿದೆ. ಆದರೆ ಅದೂ ಹಕಾರದಿಂದಲೇ ಶುರುವಾಗುತ್ತದೆ!