ಅತ್ತೆಯ ಹೆಸರು

ಭಾಗ್ಯಜ್ಯೋತಿ ಒಲೆಯ ಬೂದಿ ಬಳಿದು ಮೊರದಲ್ಲಿ ಹರಡಿದಳು. ಅದರ ಮೇಲೆ ಬೆರಳಿನಿಂದ ಒಂದು ಹೆಸರು ಬರೆದಳು. ಹೊರಗೆ ಅತ್ತೆ ಕೆಮ್ಮಿದ್ದು ಕೇಳಿ ಅಂಗೈಯಿಂದ ಅಳಿಸಿದಳು.

ಬರೆದದ್ದು ಅವಳದೇ ಹೆಸರು, ಸಾವಂತ್ರವ್ವ. ಅತ್ತೆಯ ಹೆಸರೂ ಅದೇ. ಸೊಸೆಯನ್ನು ಕರೆದರೆ ಅತ್ತೆಯನ್ನೇ ಹೆಸರು ಹಿಡಿದು ಕರೆದಂತಾದೀತೆಂದು ನಾಲತವಾಡದ ಗಂಡನ ಮನೆಯವರು ಮದುವೆಯ ದಿನವೇ ಅವಳನ್ನು ಭಾಗ್ಯಜ್ಯೋತಿ ಮಾಡಿದ್ದರು. ಅತ್ತೆಯ ಹೆಸರನ್ನು ಸೊಸೆ ಆಡಬಾರದು. ಹೀಗಾಗಿ ಅಂದಿನಿಂದ ಅವಳು ತನ್ನ ಹೆಸರನ್ನೇ ಆಡಿರಲಿಲ್ಲ.

ಈಗ ಅಂಗನವಾಡಿ ಸಹಾಯಕಿಯ ಕೆಲಸ ಬಂದಿತ್ತು, ಶಾಲೆಯ ದಾಖಲೆಯಲ್ಲಿದ್ದ ಹಳೆಯ ಹೆಸರಿಗೆ. ಎರಡೂ ಹೆಸರು ಒಬ್ಬಳದೇ ಎಂದು ಇವತ್ತೇ ಅಫಿಡವಿಟ್ ತರಬೇಕು, ಇಲ್ಲದಿದ್ದರೆ ಕೆಲಸ ಮತ್ತೊಬ್ಬಳಿಗೆ ಎಂದು ಮುದ್ದೇಬಿಹಾಳದ ಅಂಗನವಾಡಿ ಕಚೇರಿಯ ಗುಮಾಸ್ತ ರಾವಸಾಬ ಹೇಳಿದ್ದ.

ಪಕ್ಕದ ಮನೆಯ ರಹಿಮಾಬಿ, ಎದುರು ಮನೆಯ ಸುನಂದಾ ಕರೆಯದಿದ್ದರೂ ಸಾಕ್ಷಿಗೆಂದು ಅವಳ ಜೊತೆ ಟಂಟಂ ಆಟೋ ಹತ್ತಿದರು.

"ಹೆಸರ ಹೇಳವ್ವ," ಎಂದ ಅಫಿಡವಿಟ್ ಬರೆಯುವ ಮುದ್ದೇಬಿಹಾಳದ ವಕೀಲ.

ಕಡಲೆಹಿಟ್ಟಿನ ಬಿಸಿ ಜುಣಕದ ತುತ್ತು ಬಾಯಲ್ಲಿಟ್ಟುಕೊಂಡವಳಂತೆ ಅವಳ ತುಟಿ ಅಲುಗಿತು. ಹೆಸರು ಬರಲಿಲ್ಲ.

"ಅತ್ತಿ ಹೆಸರು ಹ್ಯಾಂಗ ಹೇಳ್ತಾಳ್ರಿ?" ಎಂದಳು ಸುನಂದಾ.

"ನಾ ಇಕಿ ಹೆಸರು ಕೇಳಾಕತ್ತೇನಿ."

"ಎರಡೂ ಒಂದ ಅದಾವ್ರಿ."

"ಹಂಗಾರ ನೀವರೆ ಹೇಳ್ರಿ."

"ಇಕಿ ಅತ್ತಿ ನನಗ ಚಿಗವ್ವ ಆಗಬೇಕ್ರಿ, ನಾನೂ ಹೆಸರು ಆಡೂ ಹಂಗಿಲ್ಲ."

"ನಾ ಹೇಳ್ತಿದ್ದೆ," ಎಂದಳು ರಹಿಮಾಬಿ, "ಮುದುಕಿಗಿ ಗೊತ್ತಾದ್ರ ನಾಳಿಂದ ಅವ್ರ ಮನಿ ಮಜ್ಜಿಗಿ ಬಂದ್."

ಭಾಗ್ಯಜ್ಯೋತಿ ಪೆನ್ನು ಕೇಳಿದಳು. ಬೂದಿಯಲ್ಲಿ ಬರೆದಂತೆಯೇ ನಿಧಾನವಾಗಿ ಸಹಿ ಮಾಡಿದಳು. ಆಮೇಲೆ ಅದನ್ನು ಗಟ್ಟಿಯಾಗಿ ಓದಿದಳು. ಸುನಂದಾ ಕಿವಿ ಮುಚ್ಚಿಕೊಂಡಳು. ಹೊರಗೆ ಟಂಟಂಗಳು ಮೊದಲಿನಂತೆಯೇ ಹಾರ್ನ್ ಹೊಡೆಯುತ್ತಿದ್ದವು.

ಕಚೇರಿಯಲ್ಲಿ ರಾವಸಾಬ ಅಫಿಡವಿಟ್ ಓದಿ, "ಛಲೋ ಆತು, ಇಲ್ಲಿ ಸಹಿ ಮಾಡು," ಎಂದ. ಅವಳು ಮಾಡಿ ಮುಗಿಸುವಷ್ಟರಲ್ಲಿ ಜವಾನ ಸೋಮನಿಂಗ ಬೆವರೊರೆಸುತ್ತ ಒಳಬಂದ.

"ನಾಲತವಾಡದ ಸಹಾಯಕಿ ಕೆಲಸದ ಆರ್ಡರ್ ಮುಟ್ಟಿಸಿ ಬಂದ್ನಿರಿ. ಸಾವಂತ್ರವ್ವ ಯಾರಂತ ಕೇಳಿದೆ, ಓಣಿ ಮಂದಿ ತೋರಿಸಿದ್ರು. ಕಟ್ಟಿಮ್ಯಾಲ ಕುಂತಿದ್ಲು. ಇಸ್ಕೊಂಡು ಹೆಬ್ಬಟ್ಟು ಒತ್ತಿದ್ಲು."

"ಇವತ್ತ ಒಯ್ಯಂತ ಯಾರು ಹೇಳಿದ್ರು ನಿನಗ?"

"ನೀವ ಮುಂಜಾನೆ ಸಹಿ ಮಾಡಿ ಕೊಟ್ರಲ್ರಿ."

ರಾವಸಾಬ ಜವಾನ ತಂದ ರಸೀದಿಯ ಹೆಬ್ಬೆಟ್ಟನ್ನೂ ಅವಳ ಸಹಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ. "ಸಾವಂತ್ರವ್ವಗ ಸಹಿ ಬರೂದಿಲ್ಲಂತ ದಫ್ತರದಾಗ ಬಂದಬಿಟ್ಟೈತಿ. ಮತ್ತ ನೀ ಯಾರು? ಹೆಬ್ಬಟ್ಟು ಒತ್ತಿದಾಕಿನ ಬಂದು, ಕೆಲಸ ಬಂದ ಹೆಸರು ನಿಂದಂತ ಹೇಳಬೇಕು. ನಾಳಿ ಮಧ್ಯಾಹ್ನದೊಳಗ."

ಸಂಜೆ ಅತ್ತೆ ಇನ್ನೂ ಕಟ್ಟೆಯ ಮೇಲೆಯೇ ಇದ್ದಳು. ಮಡಿಲಲ್ಲಿ ಆರ್ಡರು, ಸುತ್ತ ಓಣಿಯ ಹೆಂಗಸರು. ಹೆಬ್ಬೆಟ್ಟಿನ ನೀಲಿ ಶಾಯಿಯನ್ನು ತೊಳೆದಿರಲಿಲ್ಲ.

"ಈ ಮನಿಗಿ ಬಂದಾಗಿಂದ ನನ್ನ ಹೆಸರು ಹಿಡದು ಯಾರರೆ ಕರದಾರನ? ಇವತ್ತ ಸರಕಾರ ಕರೀತು," ಅನ್ನುತ್ತಿದ್ದಳು.

ಸೊಸೆ ಚಪ್ಪಲಿ ಬಿಟ್ಟು ಹತ್ತಿರ ಕುಳಿತಳು. ಅತ್ತೆ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು.

"ಅತ್ತೀ, ನಾಳಿ ನನ್ನ ಜೋಡಿ ಕಚೇರಿಗಿ ಬರ್ರಿ. ಆರ್ಡರದಾಗಿನ ಹೆಸರು ನಂದಲ್ಲ, ನನ್ನ ಸೊಸಿದು ಅಂತ ಒಂದ ಮಾತು ಹೇಳ್ರಿ."