ಖಾಲಿ ಚೌಕದ ಯಜಮಾನರು

ದೆವ್ವಗಳು ರಾತ್ರಿ ಹೊತ್ತು ಬರುತ್ತವೆ ಎಂದು ಯಾರು ಹಬ್ಬಿಸಿದರೋ ಗೊತ್ತಿಲ್ಲ. ರಾತ್ರಿ ಬಂದರೆ ನನ್ನಂಥ ಪುಕ್ಕಲರಿಗೆ ಎಷ್ಟೋ ಅನುಕೂಲ. ಬಾಗಿಲು ಹಾಕಿರುತ್ತೇವೆ, ಪಕ್ಕದಲ್ಲಿ ಹೆಂಡತಿ ಇರುತ್ತಾಳೆ, ಹೆಚ್ಚೆಂದರೆ ಮುಸುಕು ಎಳೆದುಕೊಂಡರೆ ಆಯಿತು. ಮಟಮಟ ಮಧ್ಯಾಹ್ನ, ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬರುತ್ತಿರುವಾಗ ಬಂದರೆ ಏನು ಮಾಡಬೇಕೆಂದು ನಮ್ಮ ಹಿರಿಯರು ಹೇಳಿಕೊಟ್ಟಿಲ್ಲ. ನನಗೆ ಬಂದದ್ದು ಅಂಥ ಹೊತ್ತಿನಲ್ಲಿ, ಅದೂ ಕಂಪ್ಯೂಟರಿನೊಳಗೆ. ಕಂಪ್ಯೂಟರಿಗೆ ಮುಸುಕು ಹಾಕಬಹುದು, ನಿಜ. ಆದರೆ ಅದರೊಳಗೆ ಕೂತವರು ಹೋಗಬೇಕಲ್ಲ!

ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿಗೆ ಸ್ಕೂಟರಿನಲ್ಲಿ ಹೋಗಿ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಮನೆಗೆ ಬಂದ ಮೇಲೆ ಮಾಡುವುದು ನನ್ನ ಹುಚ್ಚು. ಆ ಹುಚ್ಚಿನ ಹೆಸರು ಟೈಲಿಂಗ್ ವಿಂಡೋ ಮ್ಯಾನೇಜರ್. ಇದನ್ನು ಕೇಳಿದ ಪಕ್ಕದ ಮನೆಯವರು ತಮ್ಮ ಬಚ್ಚಲಿಗೆ ಟೈಲ್ಸ್ ಹಾಕಿಕೊಡುತ್ತೀರಾ ಎಂದು ಕೇಳಿದ್ದುಂಟು. ವಿಷಯ ಬಹಳ ಸುಲಭ. ಸಾಮಾನ್ಯ ಕಂಪ್ಯೂಟರಿನಲ್ಲಿ ಒಂದು ವಿಂಡೋ ಮೇಲೆ ಇನ್ನೊಂದು ಬಿದ್ದಿರುತ್ತದೆ, ಸಂತೆಯ ಬಸ್ಸಿನಂತೆ. ನಮ್ಮದರಲ್ಲಿ ಹಾಗಿಲ್ಲ, ಪಂಕ್ತಿಯ ಊಟದಂತೆ. ಹೊಸಬರು ಬಂದರೆ ಎಲ್ಲರೂ ಎಲೆ ಸರಿಸಿಕೊಂಡು ಜಾಗ ಕೊಡುತ್ತಾರೆ, ಒಬ್ಬರು ಎದ್ದರೆ ಉಳಿದವರು ಹರಡಿಕೊಳ್ಳುತ್ತಾರೆ. ಎಡಗಡೆಯ ದೊಡ್ಡ ಜಾಗ ಯಾವತ್ತೂ ಯಜಮಾನನಿಗೆ. ಯಾರಿಗೆ ಎಲ್ಲಿ ಎಲೆ ಎಂದು ತೀರ್ಮಾನಿಸುವ ಮಾಡ್ಯೂಲ್ ಇದೆಯಲ್ಲ, ಅದರ ರಿಪೇರಿ ನನ್ನ ಪಾಲಿನದು. ಜಗತ್ತಿನ ಯಾವ ಯಾವ ಮೂಲೆಯವರೋ ಅದನ್ನು ಬಳಸುತ್ತಾರೆ, ಬೈಯುತ್ತಾರೆ, ನಾನು ತಿದ್ದುತ್ತೇನೆ. ಇದಕ್ಕೆ ಬಿಡಿಗಾಸೂ ಹುಟ್ಟುವುದಿಲ್ಲ. "ರೀ, ಕಾಲೇಜ್ ಕೆಲಸಕ್ಕೆ ಇಷ್ಟು ನಿಷ್ಠೆ ತೋರಿಸಿದ್ರೆ ನಿಮ್ಗೆ ಪ್ರಿನ್ಸಿಪಾಲರ ಕುರ್ಚಿನೇ ಕೊಡೋರು" ಎಂದು ನನ್ನ ಹೆಂಡತಿ ಸರೋಜ ಆಗಾಗ ಹೇಳುತ್ತಾಳೆ.

ಈಚೆಗೆ ನಾನು ಆ ಮಾಡ್ಯೂಲಿಗೆ ಒಂದು ಸುಧಾರಣೆ ಮಾಡಿದೆ. ಸುಧಾರಣೆ ಎಂದರೆ ಅಮ್ಮನ ನಿಯಮವನ್ನೇ ಕೋಡಿನಲ್ಲಿ ಬರೆದೆ, ಅಷ್ಟೆ. ನಮ್ಮ ಮನೆಯಲ್ಲಿ ಯಾರಾದರೂ ಊಟಕ್ಕೆ ಬರುತ್ತೇನೆಂದು ಹೇಳಿಕಳಿಸಿದರೆ ಸಾಕು, ಅವರ ಬಸ್ಸು ಇನ್ನೂ ಚಿಂತಾಮಣಿ ಸ್ಟ್ಯಾಂಡಿನಲ್ಲಿದ್ದರೂ ಇಲ್ಲಿ ಎಲೆ ಬಿದ್ದಿರುತ್ತದೆ. "ಬರ್ತೀನಿ ಅಂದೋರು ಬರ್ಲಿ ಬಿಡ್ಲಿ, ಎಲೆ ಹಾಕಿರ್ಬೇಕು ಕಣಪ್ಪ. ಬಂದೋರು ನಿಂತ್ಕೊಂಡು ಜಾಗ ಹುಡುಕಬಾರ್ದು" ಎನ್ನುವುದು ಅಮ್ಮನ ಕಾನೂನು. ವಿಂಡೋ ಕೂಡ ಹಾಗೆಯೇ. ತೆರೆದುಕೊಳ್ಳುವ ಮುಂಚೆ ಜಾಗ ಕೇಳುತ್ತದೆ, ಆಮೇಲೆ ಮುಖ ತೋರಿಸುತ್ತದೆ. ಕೇಳಿದ ಕೂಡಲೇ ಜಾಗ ಬಿಟ್ಟುಬಿಟ್ಟರೆ ಮರ್ಯಾದೆ ಎಂದು ನಾನು ಎಣಿಸಿದೆ. ಜಗತ್ತಿಗೆ ಕೆಂಚಾರ್ಲಹಳ್ಳಿಯ ಮರ್ಯಾದೆ ಕಲಿಸಿದ ಹೆಮ್ಮೆಯಲ್ಲಿ ಒಂದು ವಾರ ಬೀಗಿದೆ.

ಅಷ್ಟರಲ್ಲಿ ಯಾವುದೋ ಚಳಿ ದೇಶದವನೊಬ್ಬ ದೂರು ಬರೆದ. ಪರದೆಯ ಮೇಲೆ ಖಾಲಿ ಚೌಕವೊಂದು ಉಳಿದುಬಿಡುತ್ತದೆ, ಅಲ್ಲಿ ಯಾರೂ ಇಲ್ಲ, ಆದರೆ ಬೇರೆಯವರಿಗೂ ಬಿಡುವುದಿಲ್ಲ, ನೋಡಿದರೆ ಭಯವಾಗುತ್ತದೆ ಎಂದ. ಇಂಥ ದೂರಿಗೆಲ್ಲ ನಮ್ಮ ಕಸುಬಿನಲ್ಲಿ ಒಂದು ಸಿದ್ಧ ಉತ್ತರ ಇದೆ: 'ನಮ್ಮಲ್ಲಿ ಹಾಗೆ ಆಗುತ್ತಿಲ್ಲ.' ಅದನ್ನೇ ಬರೆದು, ನನ್ನ ಕಂಪ್ಯೂಟರಿಗೂ ಆಗ ತಾನೇ ಹೊಸ ಮಾಡ್ಯೂಲ್ ಹಾಕಿ, ಕಾಫಿ ಕುಡಿಯಲು ಎದ್ದೆ. ಕುಡಿದು ಬಂದು ನೋಡುತ್ತೇನೆ, ನಮ್ಮಲ್ಲೂ ಹಾಗೇ ಆಗಿತ್ತು!

ಎಡಗಡೆ, ಯಜಮಾನನ ಜಾಗವೇ ಖಾಲಿ. ನನ್ನ ವಿಂಡೋಗಳೆಲ್ಲ ಬಲಗಡೆ ಒತ್ತಿಕೊಂಡು ಕೂತಿವೆ. ಆ ಖಾಲಿ ಚೌಕದೊಳಗಿಂದ ಹಿಂದಿನ ಚಿತ್ರ ಕಾಣುತ್ತಿತ್ತು. ಅದು ನಮ್ಮ ಹುಳ ಮನೆಯ ಫೋಟೋ. ಅಪ್ಪ ರೇಷ್ಮೆ ಹುಳ ಸಾಕುತ್ತಿದ್ದ ಮನೆ. ಅವರು ತೀರಿಕೊಂಡ ಮೇಲೆ ಬೀಗ ಹಾಕಿದ್ದೇವೆ. ಸರಿಯಾಗಿ ಅದರ ಬಾಗಿಲು ಮಾತ್ರ ಕಾಣುವಷ್ಟು ಜಾಗ ಖಾಲಿ ಬಿದ್ದಿತ್ತು. ಇನ್ನೊಂದು ಸಂಗತಿ ಹೇಳಬೇಕು. ಕೀಲಿಮಣೆಯ ಅಕ್ಷರ ಈಗ ಯಾವ ವಿಂಡೋಗೆ ಹೋಗುತ್ತಿದೆಯೋ ಅದರ ಸುತ್ತ ಹಸಿರು ಅಂಚು ಇರುತ್ತದೆ. ಆ ಅಂಚು ಖಾಲಿ ಚೌಕದ ಸುತ್ತ ಇತ್ತು. ನಾನು ಒಂದು ಸಾಲು ಟೈಪ್ ಮಾಡಿದೆ. ಅಕ್ಷರಗಳು ಎಲ್ಲೂ ಬೀಳಲಿಲ್ಲ. ಅಂದರೆ ಬಿದ್ದವು, ಯಾರಿಗೋ ತಲುಪಿದವು, ನನಗೆ ಕಾಣಲಿಲ್ಲ. ಪಕ್ಷದ ಹಬ್ಬಕ್ಕೆಂದು ಗಡಿಯಾಚೆಯಿಂದ ಬಂದಿದ್ದ ಸೋದರತ್ತೆ ಹೆಗಲ ಮೇಲಿಂದ ಬಗ್ಗಿ ನೋಡಿ, "ಎವರೋ ಉನ್ನಾರು ರಾ ಅಕ್ಕಡ" ಎಂದು ತೆಲುಗಿನಲ್ಲಿ ಹೇಳಿ ಹೋದರು. ಯಾರೋ ಇದ್ದಾರಂತೆ ಅಲ್ಲಿ. ಅತ್ತೆಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ.

ಮಾರನೆಯ ದಿನವೇ ಹಬ್ಬ. ಹೋದವರಿಗೆ ಎಡೆ ಇಡುವ ದಿನ. ಅಪ್ಪನಿಗೆ ಇಷ್ಟವಾದ ಮುದ್ದೆ, ಕೋಳಿ ಸಾರು, ವಡೆ, ಪಕ್ಕದಲ್ಲಿ ನಶ್ಯದ ಡಬ್ಬಿ, ಒಂದು ಲೋಟ ನೀರು, ಎಲ್ಲ ಎಲೆಯ ಹತ್ತಿರ ಇಟ್ಟು, ಬಾಗಿಲು ಎಳೆದುಕೊಂಡು, ಮನೆಮಂದಿಯೆಲ್ಲ ಜಗಲಿಯಲ್ಲಿ ಮಾತಿಲ್ಲದೆ ಕೂರಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು, ಸುಮ್ಮನೆ ನುಗ್ಗಬಾರದು. ಪ್ರತಿ ವರ್ಷ ಅಪ್ಪನ ಎಡೆ ನಡುಮನೆಯ ಕಂಬದ ಬುಡದಲ್ಲಿ ಇಡುತ್ತಿದ್ದೆವು. ಬದುಕಿರುವಷ್ಟು ಕಾಲ ಅವರು ಕೂತು ಉಣ್ಣುತ್ತಿದ್ದದ್ದು ಅಲ್ಲೇ. ಈ ಸಲ ಇಂಟರ್ನೆಟ್ಟಿನ ವೈರು ಅಲ್ಲಿಗೆ ಮಾತ್ರ ಎಟುಕಿತೆಂದು ಆ ಜಾಗಕ್ಕೆ ನನ್ನ ಕಂಪ್ಯೂಟರ್ ಟೇಬಲ್ಲು ಬಂದಿತ್ತು. ಎಡೆಯನ್ನು ಅಡುಗೆಮನೆಯಲ್ಲಿ ಇಟ್ಟೆವು.

ಬಾಗಿಲು ತೆಗೆದು ಒಳಗೆ ಹೋದ ಅಮ್ಮ ಎಲೆಯನ್ನು ಬಗ್ಗಿ ನೋಡಿದರು, ಲೋಟ ನೋಡಿದರು, ಸೆರಗಿನಿಂದ ಮುಖ ಒರೆಸಿಕೊಂಡರು. "ಅವ್ರು ಬಂದಿಲ್ಲ ಕಣೋ. ಏನೂ ಮುಟ್ಟಿಲ್ಲ. ಅವ್ರು ಉಣ್ದೆ ನಾನು ಉಣ್ಣಲ್ಲ."

ಇದು ಬರೀ ಮಾತಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಳಗಿನ ಮಾತ್ರೆ ನುಂಗಿ ಬರೀ ಹೊಟ್ಟೆಯಲ್ಲಿದ್ದರು. ಹಿಂದೊಮ್ಮೆ ಹೀಗೇ ಏಕಾದಶಿ ಎಂದು ಕೂತು ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಸರೋಜ ಬೇಡಿಕೊಂಡಳು, ಸೋದರತ್ತೆ ಗದರಿದರು. ಅಮ್ಮನ ಬೆರಳು ಆಗಲೇ ಸಣ್ಣಗೆ ನಡುಗುತ್ತಿತ್ತು. "ಹೆಂಗ್ ಬರ್ತಾರೆ? ಅವ್ರ ಜಾಗದಾಗೆ ನಿನ್ನ ಮಿಷಿನ್ ಕೂರ್ಸಿದೀಯ" ಎಂದರು ನನ್ನ ಕಡೆ ತಿರುಗಿ. ನಾನು ಕಷ್ಟ ಬಂದಾಗಲೆಲ್ಲ ಮಾಡುವಂತೆ, ಹೋಗಿ ಕಂಪ್ಯೂಟರಿನ ಮುಂದೆ ನಿಂತೆ.

ಎಲ್ಲರೂ ಜಗಲಿಯಲ್ಲಿದ್ದಾಗ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಹೊರಗೆ ಹೋಗುವಾಗ ಹಸಿರು ಅಂಚು ಬಲಗಡೆ ನನ್ನ ಕೋಡಿನ ಮೇಲಿತ್ತು, ನೆನಪಿದೆ. ಈಗ ಅದು ಎಡಗಡೆ ಖಾಲಿ ಚೌಕಕ್ಕೆ ಹೋಗಿತ್ತು. ಜಗಲಿಗೆ ಓಡಬೇಕೆನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಈ ಜಾಗ ಕೇಳಿದವರು ಯಾರು ಎಂದು ಮಾಡ್ಯೂಲನ್ನೇ ಕೇಳಿದೆ. ಅದು ಒಂದೇ ಪದದ ಉತ್ತರ ಕೊಟ್ಟಿತು.

'ಅಪ್ಪ.'

ನಾನು ಕೂಗಿಕೊಂಡೆನಂತೆ. ನನಗೆ ನೆನಪಿಲ್ಲ. ಎಲ್ಲರೂ ಓಡಿ ಬರುವ ಹೊತ್ತಿಗೆ ತಲೆ ಸ್ವಲ್ಪ ಕೆಲಸ ಮಾಡತೊಡಗಿತ್ತು. ಅಪ್ಪ ಇದ್ದಾಗ ಅವರಿಗಾಗಿ ನಾನೊಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಹುಳ ಮನೆಯಲ್ಲಿ ಇಟ್ಟ ಮೀಟರು ಅಲ್ಲಿನ ಶಾಖ, ತೇವ ಎರಡನ್ನೂ ಇಲ್ಲಿಗೆ ಕಳಿಸುತ್ತಿತ್ತು. ದೊಡ್ಡ ಕನ್ನಡ ಅಂಕಿಯಲ್ಲಿ ಅದನ್ನು ತೋರಿಸುವ ವಿಂಡೋಗೆ 'ಅಪ್ಪ' ಎಂದೇ ಹೆಸರು. "ಕರೆಂಟು ಹೋಗ್ಲಿ ಬರ್ಲಿ, ಇದು ಮಾತ್ರ ನಿಲ್ಬಾರ್ದು" ಎಂದಿದ್ದರು. ಹಾಗಾಗಿ ಸತ್ತರೆ ಮತ್ತೆ ತಾನಾಗಿ ಏಳುವಂತೆ ಮಾಡಿದ್ದೆ. ಅವರು ಹೋದ ಮೇಲೆ ಮೀಟರು ತೆಗೆದು ಗೋಡೆಯ ಗೂಡಿನಲ್ಲಿಟ್ಟೆ, ಪ್ರೋಗ್ರಾಂ ತೆಗೆಯುವುದು ಮರೆತೆ. ಅದು ಇಷ್ಟು ದಿನವೂ ಏಳುತ್ತಿತ್ತು, ಜಾಗ ಕೇಳುತ್ತಿತ್ತು, ಬೀಗ ಹಾಕಿದ ಹುಳ ಮನೆಯನ್ನು ಹುಡುಕಿ, ಸಿಗದೆ, ಮುಖ ತೋರಿಸದೆ ಹಾಗೇ ಕಾದು ಸಾಯುತ್ತಿತ್ತು. ಹಳೆಯ ಮಾಡ್ಯೂಲ್ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೇಳಿದವರಿಗೆ ಎಲೆ ಹಾಕುವ ನನ್ನ ಮರ್ಯಾದೆ ಬಂದ ಮೇಲೆ ಯಜಮಾನರಿಗೆ ಜಾಗ ಸಿಕ್ಕಿತ್ತು, ಎದ್ದಾಗಲೆಲ್ಲ ಹಸಿರು ಅಂಚೂ ಸಿಗುತ್ತಿತ್ತು.

ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಹೆದರಬೇಕಾದ್ದು ಏನೂ ಇಲ್ಲ, ಬಗ್ ಅಷ್ಟೆ ಎಂದೆ. ಅಮ್ಮ ತಮಗೆ ಬೇಕಾದಷ್ಟನ್ನು ಮಾತ್ರ ಕೇಳಿಸಿಕೊಂಡರು. "ಅಂದ್ರೆ ಬಂದವ್ರೆ. ದಿನಾ ಬರ್ತಾವ್ರೆ. ಜಾಗ ಕೇಳವ್ರೆ, ನೀನು ಕೊಟ್ಟಿದೀಯ. ನಾವೇ ಎಡೇನ ಆ ಕಡೆ ಇಟ್ಟಿದೀವಿ. ಸರೋಜಾ, ಎಲೆ ಎತ್ಕೊಂಡು ಬಾರಮ್ಮ ಇಲ್ಗೆ."

ಎಡೆ ಟೇಬಲ್ಲಿನ ಕೆಳಗೆ, ಕಂಬದ ಬುಡಕ್ಕೆ ಬಂತು. ಮತ್ತೆ ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕೂತೆವು. ಒಳಗೆ ಒಂದು ಎಲೆ, ಒಂದು ಪರದೆ. ಕಂಪ್ಯೂಟರಿನ ಫ್ಯಾನು ಒಮ್ಮೆ ಜೋರಾಗಿ ತಿರುಗಿ ನಿಂತದ್ದು ಕೇಳಿಸಿತು. ಬಿಸಿಲಿನಲ್ಲಿ ಕೂತಿದ್ದರೂ ನಾನು ಬೆವರಲಿಲ್ಲ. ಬಾಗಿಲು ತಟ್ಟಿ ಒಳಗೆ ಹೋದಾಗ ಅಮ್ಮ ಲೋಟ ಎತ್ತಿ ಸರೋಜಳಿಗೆ ತೋರಿಸಿ, "ಒಂದ್ ಗುಟುಕು ಕಮ್ಮಿ ಐತೆ ನೋಡು" ಎಂದರು. ಸರೋಜ ಹೂಂ ಎಂದಳು. ನನಗಂತೂ ವ್ಯತ್ಯಾಸ ಕಾಣಲಿಲ್ಲ. ಅಮ್ಮ ಕೂತು ಊಟಕ್ಕೆ ಕೈ ಹಾಕಿದರು, ನನಗೆ ಅಳು ಬಂದಿತು.

ಅಳು ಬಂದರೂ ನನ್ನ ಬುದ್ಧಿ ಬಿಡಲಿಲ್ಲ. ಆ ಚಳಿ ದೇಶದವನ ನೆನಪಾಗಿ, ಎಲ್ಲರೂ ಉಣ್ಣುತ್ತಿರುವಾಗ ನಾನು ತಿದ್ದಲು ಕೂತೆ. ಇನ್ನು ಮೇಲೆ ಕೇಳಿದ ಮಾತ್ರಕ್ಕೆ ಜಾಗವಿಲ್ಲ, ಮುಖ ತೋರಿಸಿದ ಮೇಲೆಯೇ ಜಾಗ. ಅಷ್ಟೇ ತಿದ್ದುಪಡಿ ಎಂದು ಕೂತಲ್ಲಿಂದಲೇ ಎಲ್ಲರಿಗೂ ಸಾರಿದೆ. ಚೌಕ ಮಾಯವಾಯಿತು. ಉಳಿದ ವಿಂಡೋಗಳು ಯಾವ ದುಃಖವೂ ಇಲ್ಲದೆ ಹರಡಿಕೊಂಡವು. ಊಟಕ್ಕೆ ಕರೆದಾಗಲೆಲ್ಲ "ಬಂದೆ" ಎನ್ನುತ್ತಿದ್ದೆ. ನಿಜವಾಗಿ ಎದ್ದು ಹೋದಾಗ ಎಲೆಗಳನ್ನೆಲ್ಲ ಎತ್ತಿಯಾಗಿತ್ತು. "ನನ್ನ ಎಲೆ ಎಲ್ಲೇ?" ಎಂದೆ. "ಮುಖ ತೋರಿಸ್ದೆ ಇರೋರಿಗೆ ಜಾಗ ಇಲ್ಲ ಅಂತ ಈಗ ತಾನೇ ನೀವೇ ಬರೆದ್ರಲ್ಲ" ಎಂದಳು ಸರೋಜ. ಉಳಿದಿದ್ದದ್ದು ಒಂದೇ ಎಲೆ, ಅಪ್ಪನ ಎಡೆಯದು. ಕಂಬದ ಬುಡದಲ್ಲಿ ಅಪ್ಪನಿಗೆ ಜಾಗ ಬಿಟ್ಟು ಬದಿಗೆ ಕೂತು ತಣ್ಣಗಾದ ಮುದ್ದೆ ನುಂಗಿದೆ.

ಮಾರನೆಯ ಬೆಳಿಗ್ಗೆ ಅಮ್ಮ ಪರದೆಯ ಮುಂದೆ ಬಂದು ನಿಂತರು. "ಎಲ್ಲೋ ಅವ್ರ ಜಾಗ?" ಎಂದರು. ಅಷ್ಟೇ ಕೇಳಿದ್ದು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೂಡಿನಿಂದ ಮೀಟರು ತೆಗೆದು, ಹೊಸ ಸೆಲ್ಲು ಹಾಕಿ, ಹುಳ ಮನೆಯಲ್ಲಿ ಮೊದಲಿದ್ದ ಮೊಳೆಗೇ ನೇತುಹಾಕಿ ಬೀಗ ಹಾಕಿ ಬಂದೆ. 'ಅಪ್ಪ' ಈಗ ನಿಯಮದ ಪ್ರಕಾರ ಮುಖ ತೋರಿಸಿ ಯಜಮಾನನ ಜಾಗದಲ್ಲಿ ಕೂತಿದ್ದಾರೆ. ನನ್ನ ಕೋಡು ಬಲಗಡೆ ಮೂಲೆಯಲ್ಲಿ ಮುದುರಿದೆ. ಅವರು ಇದ್ದಾಗಲೂ ಈ ಮನೆಯಲ್ಲಿ ನನ್ನ ಜಾಗ ಅಷ್ಟೇ ಇತ್ತು. ಅಮ್ಮ ದಿನವೂ ಅಂಕಿ ಓದಿ ಮಾತ್ರೆ ನುಂಗುತ್ತಾರೆ.

ಒಂದು ಸಂಗತಿ ಮಾತ್ರ ಸರಿಹೋಗುತ್ತಿಲ್ಲ. ಬಿಸಿಲೇರಿದಂತೆ ಗಾಳಿಯ ತೇವ ಇಳಿಯಬೇಕು. ಅದಕ್ಕೇ ಹುಳ ಇದ್ದ ಕಾಲದಲ್ಲಿ ಅಪ್ಪ ಮಧ್ಯಾಹ್ನ ಗೋಣಿಚೀಲ ನೆನೆಸಿ ಗೋಡೆಗೆ ಕಟ್ಟುತ್ತಿದ್ದರು. ಈಗಲೂ ಮಧ್ಯಾಹ್ನ ಊಟದ ಹೊತ್ತಿಗೆ ಬೀಗ ಹಾಕಿದ ಆ ಹುಳ ಮನೆಯಲ್ಲಿ ತೇವ ಮೆಲ್ಲಗೆ ಏರುತ್ತದೆ. ಮೊನ್ನೆ ಸರೋಜ ಅದನ್ನು ಕಂಡು, "ರೀ, ಒಳಗೆ ಗೋಣಿಚೀಲ ಯಾರ್ರೀ ನೆನೆಸ್ತಾರೆ?" ಎಂದಳು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಎದ್ದು ಹೋಗಿ ನೋಡಬಹುದಿತ್ತು. ಪರದೆಯಿಂದ ಕಣ್ಣು ತೆಗೆಯದೆ, ಕಸುಬಿನವರು ಹೇಳುವ ಮಾತನ್ನೇ ಹೇಳಿದೆ.

"ನಮ್ಮಲ್ಲಿ ಹಾಗೆ ಆಗುತ್ತಿಲ್ಲ."