ಗುಳ್ಳೆ ಬಾರದ ಬಾವಿ

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಇಂಡಿ ಪಟ್ಟಣದ ಹತ್ತಿರ ಅಕ್ಕನ ಲಿಂಬೆ ತೋಟದ ಬಾವಿಯ ದಂಡೆಯ ಮೇಲೆ, ಆ ದಿನ ನಾನು ಬೇವಿನ ನೆರಳಿನಲ್ಲಿ ಕೂತಿದ್ದೆ ಎಂಬುದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಲ್ಲಿ ಬೇವಿನ ಮರವೇ ಇಲ್ಲ ಎನ್ನುತ್ತಾಳೆ ಅಕ್ಕ. ಹಾಗಾದರೆ ಮರವನ್ನು ನಾನೇ ಆಮೇಲೆ ನೆಟ್ಟಿರಬೇಕು. ಭಯವನ್ನು ಮಾತ್ರ ನಾನು ನೆಟ್ಟದ್ದಲ್ಲ. ಅದು ಅಲ್ಲೇ ಇತ್ತು.

ಅಕ್ಕನ ಮಗಳು ಸವಿತಾ ಕಾರವಾರದ ಕಡೆ ಸಮುದ್ರದಲ್ಲಿ ಮುಳುಗಿ ಮೀನುಗಳ ಫೋಟೊ ತೆಗೆಯುವವಳು. ರಜೆಗೆ ಬರುವಾಗ ಬೆನ್ನಿಗೆ ಹಾಕಿಕೊಳ್ಳುವ ಒಂದು ಯಂತ್ರ ತಂದಿದ್ದಳು. ರಿಬ್ರೀದರ್ ಅಂತೆ. ರಿಪೇರಿಯಾಗಿ ಬಂದಿತ್ತು, ಸಮುದ್ರಕ್ಕೆ ಇಳಿಸುವ ಮೊದಲು ಬಾವಿಯಲ್ಲಿ ಪರೀಕ್ಷಿಸಬೇಕಿತ್ತು. ಬಿಟ್ಟ ಉಸಿರು ನೀರಿಗೆ ಹೋಗುವುದಿಲ್ಲ, ಕೊಳವೆಯಲ್ಲಿ ಸುತ್ತಿ ಡಬ್ಬಿಯೊಂದಕ್ಕೆ ಹೋಗುತ್ತದೆ. ಅದರೊಳಗಿನ ಸುಣ್ಣದ ಕಾಳುಗಳು ಕೆಟ್ಟ ಗಾಳಿಯನ್ನು ಹೀರುತ್ತವೆ. ದೇಹ ಬಳಸಿದಷ್ಟು ಆಕ್ಸಿಜನ್ನನ್ನು ಸಣ್ಣ ಸಿಲಿಂಡರೊಂದು ತುಂಬಿಕೊಡುತ್ತದೆ. ಅದೇ ಉಸಿರು ಮತ್ತೆ ಬಾಯಿಗೆ. ಹಾಗಾಗಿ ಸಣ್ಣ ಸಿಲಿಂಡರಿನಲ್ಲೇ ತಾಸುಗಟ್ಟಲೆ ನೀರಿನಲ್ಲಿರಬಹುದು.

"ಅಂದ್ರ ತನ್ನ ಎಂಜಲ ಉಸಿರು ತಾನ ತಗೊಳ್ಳೂದು," ಅಂದಳು ಅಕ್ಕ, ಲಿಂಬೆಹಣ್ಣು ಆರಿಸುತ್ತ. "ಬಾಯಾಗಿಂದು ಬಾಯಿಗೆ. ಹೊಲಸು."

"ಸುಣ್ಣ ತೊಳೀತೈತಿ ಅವ್ವಾ."

"ಸುಣ್ಣ ಮುಗದ್ರ?" ಇದು ನಾನು.

"ತಲಿ ನೋಯ್ತೈತಿ, ಏದುಸಿರು ಬರ್ತೈತಿ, ಗೊತ್ತಾಗ್ತೈತಿ. ಆಕ್ಸಿಜನ್ ಕಡಿಮಿ ಆದ್ರ ಮಾತ್ರ ಗೊತ್ತಾಗೂದಿಲ್ಲ ಮಾಮಾ. ನಿದ್ದಿ ಬಂದಂಗ ಹೋಗಿಬಿಡ್ತೇವಿ." ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂಬ ಧಾಟಿಯಲ್ಲಿ ಹೇಳಿದಳು. "ಅದಕ್ಕ ಮೀಟರ್ ಐತಿ. ಬ್ಯಾರೆ ಸಿಲಿಂಡರೂ ಐತಿ. ಅಂಜಬ್ಯಾಡ."

ಅಲ್ಲಿಂದ ಅಂಜಲು ಶುರುಮಾಡಿದೆ. ಸಮುದ್ರದಲ್ಲಾದರೆ ಜೊತೆಗೊಬ್ಬರು ಮುಳುಗುತ್ತಾರಂತೆ. ಇಲ್ಲಿ ಜೊತೆಗಾರ ನಾನು, ದಂಡೆಯ ಮೇಲೆ, ಅವಳ ನಡುವಿಗೆ ಕಟ್ಟಿದ ಹಗ್ಗದೊಂದಿಗೆ. ನಾನು ಒಮ್ಮೆ ಜಗ್ಗಿದರೆ ಅವಳು ಒಮ್ಮೆ ಜಗ್ಗಬೇಕು. ಅಷ್ಟೇ ಕೆಲಸ. ಕೈ ಬೆವರಿ ಹಗ್ಗ ಜಾರೀತೆಂದು ನಾನು ಅದರ ತುದಿಯನ್ನು ಪಂಪಿನ ಕಬ್ಬಿಣದ ಪೈಪಿಗೆ ಮೂರು ಗಂಟು ಹಾಕಿ ಬಿಗಿದೆ. ಎಂಥ ಮುಂಜಾಗ್ರತೆ ಎಂದು ನನಗೇ ಮೆಚ್ಚುಗೆಯಾಯಿತು.

ಸವಿತಾ ಮುಳುಗಿದಳು. ಅವಳ ತಲೆಯ ಮೇಲೆ ನೀರು ಕೂಡಿಕೊಂಡಿತು. ಬಾವಿಯಲ್ಲಿ ಈಜು ಕಲಿತವರಿಗೆ ಒಂದು ರೂಢಿಯಿದೆ: ಯಾರಾದರೂ ಮುಳುಗಿದರೆ ದಂಡೆಯ ಮೇಲಿನವರು ಗುಳ್ಳೆ ನೋಡುತ್ತಾರೆ. ಗುಳ್ಳೆ ಬರುತ್ತಿರುವ ತನಕ ಒಳಗಿರುವವನು ನಮ್ಮವನು. ನನ್ನ ಬೆನ್ನಿಗೆ ಬೆಂಡು ಕಟ್ಟಿ ನೂಕಿದ ಅಪ್ಪನೂ ಹಾಗೇ ನೋಡುತ್ತ ನಿಂತಿದ್ದ. ಅಥವಾ ಬೀಡಿ ಸೇದುತ್ತಿದ್ದನೋ. ಈ ಬಾವಿಯಲ್ಲಿ ಒಂದು ಗುಳ್ಳೆಯೂ ಇಲ್ಲ. ಆ ಯಂತ್ರದ ಗುಣವೇ ಅದು, ಮೀನು ಬೆದರಬಾರದೆಂದು. ತಿಳಿದಿತ್ತು. ತಿಳಿದದ್ದು ತಲೆಯಲ್ಲಿತ್ತು, ಕಣ್ಣು ನೀರಿನ ಮೇಲಿತ್ತು.

ಹಗ್ಗ ಜಗ್ಗಿ ಕೈಬಿಟ್ಟು ನೀರು ನೋಡಿದೆ. ಉತ್ತರವಿಲ್ಲ. ಮತ್ತೆ ಜಗ್ಗಿದೆ. ಪೈಪು ಮಾತ್ರ ಸಣ್ಣಗೆ ಕಿರ್ ಅಂದಿತು.

"ಅಕ್ಕಾ, ಗುಳ್ಳಿ ಬರವಲ್ವು."

"ಬರೂದಿಲ್ಲಂತ ಹೇಳ್ಯಾಳಲ್ಲೋ ತಮ್ಮಾ."

ನಿದ್ದೆ ಬಂದಂತೆ ಹೋಗಿಬಿಡುತ್ತಾರೆ. ಪಂಪಿನ ಮನೆಯ ಗೋಡೆಗೆ ಪಾತಾಳಗರಡಿ ತೂಗುತ್ತಿತ್ತು, ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲು. ನಮ್ಮ ಕಡೆ ಬಾವಿಗೆ ಏನು ಬಿದ್ದರೂ ಕೈ ಮೊದಲು ಅದಕ್ಕೇ ಹೋಗುತ್ತದೆ. ನನ್ನದೂ ಹೋಯಿತು. ಇಳಿಬಿಟ್ಟು ತಡಕಾಡಿದೆ. ಏನೋ ಸಿಕ್ಕಿತು. ಎಳೆದೆ. ಒಳಗಿನಿಂದ ಅದು ಎದುರು ಎಳೆಯಿತು. ಒಮ್ಮೆಗೇ ಗುಳ್ಳೆಗಳು ಎದ್ದವು. ಬರಲಿಲ್ಲವೆಂದು ಅಂಜಿದ್ದವನು ಈಗ ಬಂದವೆಂದು ಅಂಜಿದೆ.

ಸವಿತಾ ಮೇಲೆ ಬಂದಳು, ಕೈಯಲ್ಲಿ ಪಾತಾಳಗರಡಿ. ಬಾಯಿಂದ ಕೊಳವೆ ತೆಗೆದವಳು ಮೊದಲು ಹಗ್ಗದ ಗಂಟು ನೋಡಿದಳು.

"ನಾ ಜಗ್ಗಿದ್ದೆಲ್ಲಾ ಪೈಪಿಗೆ ಹೋತೇನ್ ಮಾಮಾ?"

ನಾನು ಗಂಟು ಬಿಚ್ಚಲು ಕೂತೆ.

"ಮ್ಯಾಲೆ ಬರೂಮುಂದ ಒಳಗಿನ ಗಾಳಿ ಹಿಗ್ಗತೈತಿ, ಅದಕ್ಕ ಗುಳ್ಳಿ. ಕೆಳಗ ಎಲ್ಲಾ ಚಲೋ ಇತ್ತು. ಈ ಕೊಕ್ಕಿ ಉಸಿರಿನ ಕೊಳವಿ ಹತ್ರ ಬಂದಾಗ ಮಾತ್ರ ಜೀವ ಝಲ್ಲಂತು." ಕೊಕ್ಕೆಗಳನ್ನು ನನ್ನ ಕೈಗೆಟುಕದಷ್ಟು ದೂರ ಇಟ್ಟಳು.

ಎಷ್ಟು ಹೊತ್ತು ಒಳಗಿದ್ದಳು? ನನ್ನ ಲೆಕ್ಕದಲ್ಲಿ ಅರ್ಧ ತಾಸು. ಅವಳ ಕೈಯ ಮೀಟರಿನಲ್ಲಿ ಆರು ನಿಮಿಷ. ಮರುದಿನ ಮತ್ತೆ ಇಳಿದಾಗ ಹಗ್ಗವನ್ನು ಅಕ್ಕನ ಕೈಗೆ ಕೊಟ್ಟಳು. ಪಾತಾಳಗರಡಿಯನ್ನು ಅಟ್ಟಕ್ಕೆ ಹಾಕಿದಳು.

ಮುದ್ದೇಬಿಹಾಳಕ್ಕೆ ಮರಳಿ, ನಾನು ಪಾಠ ಹೇಳುವ ಕಾಲೇಜಿನಲ್ಲಿ ಗೆಳೆಯರಿಗೆ ಈ ಸಂಗತಿ ಹೇಳಿದೆ. ಬೇವಿನ ನೆರಳಿನಿಂದಲೇ ಶುರುಮಾಡಿದೆ. ಹೇಳುತ್ತ ಹೇಳುತ್ತ ನನಗೇ ಖಾತ್ರಿಯಾಯಿತು: ಪಾತಾಳಗರಡಿ ಬೇಕೆಂದು ಒಳಗಿನಿಂದ ಹಗ್ಗ ಜಗ್ಗಿ ಕೇಳಿದವಳು ಸವಿತಾಳೇ.